ವೇಳಾಪಟ್ಟಿಯಲ್ಲಿ ಬಿಡುವು: ಮುಂಬೈ ವಿಮಾನ ನಿಲ್ದಾಣದ ಪಾಠ

ವಿಮಾನಗಳ ವಿಳಂಬಕ್ಕೆ ರನ್‌ವೇಗಳ ಕೊರತೆಯೊಂದೇ ಕಾರಣವಲ್ಲ. ಬಿಡುವಿಲ್ಲದ ವೇಳಾಪಟ್ಟಿಯೂ ಕಾರಣ. ಮುಂಬೈ ವಿಮಾನ ನಿಲ್ದಾಣದ ಎರಡು ರನ್‌ವೇಗಳು ಪರಸ್ಪರ ಛೇದಿಸುವುದರಿಂದ ಏಕಕಾಲಕ್ಕೆ ಒಂದನ್ನು ಮಾತ್ರ ಬಳಸಲು ಸಾಧ್ಯ. ಅಲ್ಲಿ ದಟ್ಟಣೆಯ ವೇಳೆಯಲ್ಲಿ ಏರುವ ಹಾಗೂ ಇಳಿಯುವ ವಿಮಾನಗಳ ಮಿತಿ ಗಂಟೆಗೆ 46, ಅಂದರೆ ಸರಾಸರಿ 78 ಸೆಕೆಂಡಿಗೆ ಒಂದರಂತೆ ಇತ್ತು. ಒಂದು ತಡವಾದರೆ ಸರಿದೂಗಿಸಲು ಅವಕಾಶವಿಲ್ಲದೆ ವಿಳಂಬವು ಮುಂದಿನವುಗಳಿಗೂ ಹರಡುತ್ತಿತ್ತು. ವಿಮಾನಗಳು 40ರಿಂದ 60 ನಿಮಿಷ ಆಕಾಶದಲ್ಲಿಯೇ ಸುತ್ತುತ್ತಿದ್ದವು. ಕೇಂದ್ರ ಸರ್ಕಾರದ ಅಂದಿನ ಅಂದಾಜಿನಂತೆ, 40 ನಿಮಿಷಗಳ ಸುತ್ತಾಟಕ್ಕೆ ತಗಲುವ ಇಂಧನದ ವೆಚ್ಚವೇ ಸುಮಾರು 1.8 ಲಕ್ಷ ರೂಪಾಯಿ.

2024ರ ಫೆಬ್ರವರಿಯಲ್ಲಿ ಈ ಮಿತಿಯನ್ನು 44ಕ್ಕೆ ಇಳಿಸಿ, ಆ ವೇಳೆಯಲ್ಲಿ ಖಾಸಗಿ ಜೆಟ್‌ಗಳ ಹಾರಾಟವನ್ನು ನಿರ್ಬಂಧಿಸಲಾಯಿತು. ಗಂಟೆಗೆ ಎರಡು ಸ್ಲಾಟ್ ಕಡಿಮೆಯಾದರೆ ಎರಡೂವರೆ ನಿಮಿಷಕ್ಕೂ ಹೆಚ್ಚಿನ ಬಿಡುವು ದೊರೆಯುತ್ತದೆ. ಇದು ನಷ್ಟವಲ್ಲ, ಲೆಕ್ಕಪತ್ರದಲ್ಲಿನ ಮೀಸಲು ನಿಧಿಯಿದ್ದಂತೆ. ಆದರೆ ಇದಕ್ಕೂ ಬೆಲೆಯುಂಟು: ಆಸನಗಳು ಕಡಿಮೆಯಾದಂತೆ ಪ್ರಯಾಣದರ ಏರಬಹುದು.

ವಿಮಾನದಲ್ಲಿ ಸರಕು ರವಾನಿಸುವ ಸದಸ್ಯರು ದಟ್ಟಣೆಯಿಲ್ಲದ ವೇಳೆಯನ್ನು ಆರಿಸಿಕೊಂಡು, ಸಂಪರ್ಕ ವಿಮಾನಗಳ ನಡುವೆ ಸಾಕಷ್ಟು ಅಂತರವಿಡುವುದು ಲೇಸು. ಕಾರ್ಖಾನೆಗೂ ಇದೇ ನಿಯಮ ಅನ್ವಯಿಸುತ್ತದೆ. ಯಂತ್ರಗಳ ಪೂರ್ಣ ಸಾಮರ್ಥ್ಯಕ್ಕೆ ಆರ್ಡರ್ ಒಪ್ಪಿಕೊಂಡಲ್ಲಿ, ಒಂದೇ ಅಡಚಣೆಯಿಂದ ಎಲ್ಲ ಗ್ರಾಹಕರಿಗೂ ಮಾತು ತಪ್ಪಿದಂತಾಗುತ್ತದೆ.