ಹಿತ್ತಲ ಒಪೊಸಮ್‌ಗೆ ಹೆದರಬೇಕೆ?

ಪ್ರಶ್ನೆ: ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಮನೆಯ ಹಿಂದಿನ ಸೌದೆ ರಾಶಿಯಲ್ಲಿ ಒಪೊಸಮ್ ಎಂಬ ಕಾಡುಪ್ರಾಣಿ ಸೇರಿಕೊಂಡಿದೆಯಂತೆ. ಅದರಿಂದ ಹೃದಯದ ಕಾಯಿಲೆ ಬರುತ್ತದೆ ಎಂದು ನೆರೆಯವರು ಹೇಳಿದ್ದಾರೆ. ಮೊಮ್ಮಗಳು ಅಲ್ಲೇ ಆಡುತ್ತಾಳೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ನೆರೆಯವರ ಮನಸ್ಸಿನಲ್ಲಿರುವುದು ಚಾಗಸ್ ಕಾಯಿಲೆ. ಟ್ರಿಪನೊಸೋಮಾ ಕ್ರೂಜಿ ಎಂಬ ಏಕಕೋಶ ಪರೋಪಜೀವಿಯಿಂದ ಬರುವಂಥದ್ದು. ಒಪೊಸಮ್, ರಕೂನ್, ಆರ್ಮಡಿಲ್ಲೊ, ಕಾಡಿಲಿಗಳ ಮೈಯಲ್ಲಿ ಅದು ಇರುತ್ತದೆ. ಆದರೆ ಪ್ರಾಣಿ ಹಿತ್ತಲಲ್ಲಿ ಓಡಾಡಿದ ಮಾತ್ರಕ್ಕೆ ಮಗುವಿಗೆ ರೋಗ ಅಂಟದು. ಸಾಮಾನ್ಯವಾಗಿ ನಡುವೆ ಒಂದು ಕೀಟ ಬೇಕು.

ಅಲ್ಲಿನವರು ಅದನ್ನು ಕಿಸ್ಸಿಂಗ್ ಬಗ್ ಎನ್ನುತ್ತಾರೆ. ನಮ್ಮ ತಿಗಣೆಯಂತೆ ರಕ್ತ ಹೀರುತ್ತದೆ, ಗಾತ್ರ ಮಾತ್ರ ಹೆಚ್ಚುಕಡಿಮೆ ಒಂದು ಇಂಚು. ಹಗಲು ಪ್ರಾಣಿಗಳ ಗೂಡಿನಲ್ಲೋ ಸೌದೆಯ ಸಂದಿನಲ್ಲೋ ಅಡಗಿದ್ದು ರಾತ್ರಿ ಹೊರಡುತ್ತದೆ. ರೋಗಾಣು ಇರುವುದು ಅದರ ಹಿಕ್ಕೆಯಲ್ಲಿ. ಕಚ್ಚಿದ ಜಾಗ ತುರಿಸಿಕೊಂಡಾಗ ಹಿಕ್ಕೆ ಗಾಯಕ್ಕೋ ಕಣ್ಣಿಗೋ ಸೇರುತ್ತದೆ. ಬ್ರೆಜಿಲ್‌ನಲ್ಲಿ ರೈಲು ಹಳಿ ಹಾಕುವವರ ಮಲೇರಿಯಾ ತಡೆಯಲು ಹೋಗಿದ್ದ ವೈದ್ಯ ಕಾರ್ಲೋಸ್ ಚಾಗಸ್ ಈ ರೋಗಾಣುವನ್ನು ಮೊದಲು ಕಂಡದ್ದೂ ಕೀಟದ ಕರುಳಿನಲ್ಲೇ. 1909ರಲ್ಲಿ ಅದನ್ನೇ ಒಂದು ಪುಟ್ಟ ಹುಡುಗಿಯ ರಕ್ತದಲ್ಲಿ ಗುರುತಿಸಿದರು.

ಒಪೊಸಮ್‌ಗೆ ಇನ್ನೊಂದು ವಿಶೇಷವಿದೆ, ನನಗೆ ಬಹಳ ಸೋಜಿಗವೆನಿಸುವಂಥದ್ದು. ಅದರ ಗುದದ್ವಾರದ ಪಕ್ಕದ ವಾಸನೆ ಗ್ರಂಥಿಗಳಲ್ಲಿ ಈ ಪರೋಪಜೀವಿ ಕೀಟದ ಹೊಟ್ಟೆಯಲ್ಲಿ ಬೆಳೆಯುವ ರೀತಿಯಲ್ಲೇ ಬೆಳೆಯುತ್ತದೆ. ಬ್ರೆಜಿಲ್ ವಿಜ್ಞಾನಿಗಳು ಇದನ್ನು 1984ರಲ್ಲಿ ತೋರಿಸಿದರು. 2005ರಲ್ಲಿ ಅಲ್ಲಿಯ ಸಾಂತಾ ಕತರಿನಾ ರಾಜ್ಯದಲ್ಲಿ ಹೆದ್ದಾರಿ ಬದಿಯ ಕಬ್ಬಿನ ಹಾಲು ಕುಡಿದವರಿಗೆ ಇದೇ ಕಾಯಿಲೆ ಬಂತು, ಕೆಲವರು ತೀರಿಕೊಂಡರು. ಅಂಗಡಿಯ ಬಳಿ ಹುಡುಕಿದಾಗ ಸೋಂಕು ತಗುಲಿದ ಕೀಟಗಳೂ ಒಪೊಸಮ್ಮೂ ಸಿಕ್ಕವು.

ಟೆಕ್ಸಾಸ್‌ನ ಭದ್ರವಾದ ಮನೆಗಳಲ್ಲಿ ಅಪಾಯ ಕಡಿಮೆ. ಅಮೆರಿಕದಲ್ಲಿರುವ ರೋಗಿಗಳಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿದ್ದು ಲ್ಯಾಟಿನ್ ಅಮೆರಿಕದಲ್ಲಿ. ಆದರೂ ಟೆಕ್ಸಾಸ್ ಸರ್ಕಾರ 2013ರಿಂದ ಪ್ರತಿ ಪ್ರಕರಣವನ್ನೂ ವರದಿ ಮಾಡಲು ಹೇಳಿದೆ, ಏಕೆಂದರೆ ಕೀಟ ಅಲ್ಲಿಯೂ ಇದೆ. ಅದನ್ನು ತಿಂದು ಸೋಂಕು ಅಂಟಿಸಿಕೊಳ್ಳುವ ನಾಯಿಗಳೂ ಇವೆ.

ಹಾಗಾಗಿ ಒಪೊಸಮ್ ಕೊಲ್ಲುವುದು ಬೇಡ. ಅದು ಒಂದೇ ಬಿಡಾರದಲ್ಲಿ ಹೆಚ್ಚು ದಿನ ನಿಲ್ಲುವ ಪ್ರಾಣಿಯಲ್ಲ. ಅದು ಹೊರಟ ಮೇಲೆ ಸೌದೆ ರಾಶಿಯನ್ನು ಮನೆಯಿಂದ ದೂರ ಹಾಕಿಸಿ, ಅಲ್ಲಿಯವರೆಗೆ ಮಗು ಬೇರೆ ಕಡೆ ಆಡಲಿ. ಕಿಟಕಿಗೆ ಜಾಲರಿ ಇರಲಿ, ಬಾಗಿಲ ಕೆಳಗಿನ ಸಂದು ಮುಚ್ಚಲಿ. ಹೊರಗಿನ ದೀಪವನ್ನು ರಾತ್ರಿಯಿಡೀ ಉರಿಸುವುದು ಬೇಡ, ಬೆಳಕಿಗೆ ಈ ಕೀಟ ಹಾರಿ ಬರುತ್ತದೆ. ನಾಯಿಯಿದ್ದರೆ ರಾತ್ರಿ ಒಳಗೆ ಮಲಗಲಿ.

ಮಲಗುವ ಕೋಣೆಯಲ್ಲಿ ಅಂಥ ಕೀಟ ಕಂಡರೆ ಬರಿಗೈಯಲ್ಲಿ ಹೊಸಕದೆ ಡಬ್ಬಿಯಲ್ಲಿ ಹಿಡಿದಿಟ್ಟು ಆರೋಗ್ಯ ಇಲಾಖೆಗೆ ತೋರಿಸಲು ಮಗಳಿಗೆ ಹೇಳಿ. ಅದರಲ್ಲಿ ರೋಗಾಣು ಇದ್ದರೆ ಮಗುವಿನ ರಕ್ತ ಪರೀಕ್ಷೆ ಮಾಡಿಸಲಿ. ಚಿಕಿತ್ಸೆಯಿಲ್ಲದೆ ಬಿಟ್ಟರೆ ನೂರರಲ್ಲಿ 20ರಿಂದ 30 ಜನರಿಗೆ ಎಷ್ಟೋ ವರ್ಷಗಳ ನಂತರ ಹೃದಯವೋ ಕರುಳೋ ಕೆಡುತ್ತದೆ. ಬೇಗ ಪತ್ತೆಯಾದ ಮಕ್ಕಳಲ್ಲಿ ಬೆಂಜ್‌ನಿಡಜೋಲ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ.