ಬಿಲ್ಲಿಂಗ್ ತಂತ್ರಾಂಶ: ಜಾವಾ ಭಾಷೆಯ ಸ್ಥಿರಾಂಕ ಮತ್ತು ಎನಮ್

ಸಿಮೆಂಟಿನ ಮೇಲಿನ ಜಿಎಸ್‌ಟಿ ದರವು 2025ರ ಸೆಪ್ಟೆಂಬರ್ 22ರಂದು ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಜಾವಾ ಭಾಷೆಯಲ್ಲಿ ರಚಿತವಾದ ಬಿಲ್ಲಿಂಗ್ ತಂತ್ರಾಂಶವನ್ನು ಬಳಸುವ ಮಳಿಗೆಯೊಂದರಲ್ಲಿ, ದರಗಳನ್ನು ಬರೆದಿಟ್ಟ ಕ್ಲಾಸನ್ನು ಮಾತ್ರ ತಿದ್ದಿ ಹೊಸದಾಗಿ ಅಳವಡಿಸಲಾಯಿತೆಂದು ಭಾವಿಸೋಣ. ಅದರಲ್ಲಿ 18 ಎಂದಿದ್ದರೂ ಬಿಲ್ಲಿನಲ್ಲಿ 28 ಎಂದೇ ಮುದ್ರಣವಾಗಬಹುದು! ಹೀಗೆ ಹೆಚ್ಚಾಗಿ ವಸೂಲಾದ ತೆರಿಗೆಯನ್ನು ವರ್ತಕರು ಸರ್ಕಾರಕ್ಕೇ ಕಟ್ಟಬೇಕಾಗುವುದರಿಂದ ಇದರ ಕಾರಣವನ್ನು ಅರಿಯುವುದು ಅವಶ್ಯಕ.

‘ಸ್ಟ್ಯಾಟಿಕ್ ಫೈನಲ್ ಇಂಟ್’ ಎಂದು ಘೋಷಿಸಿ, ನೇರವಾಗಿ 28 ಎಂಬ ಬೆಲೆ ಕೊಟ್ಟ ಪೂರ್ಣಾಂಕವನ್ನು ಕಂಪೈಲರ್ ಸ್ಥಿರಾಂಕವೆಂದು ಪರಿಗಣಿಸುತ್ತದೆ. ಬಿಲ್ಲು ಮುದ್ರಿಸುವ ಕ್ಲಾಸನ್ನು ಕಂಪೈಲ್ ಮಾಡುವಾಗ ಸ್ಥಿರಾಂಕದ ಹೆಸರಿನ ಸ್ಥಾನದಲ್ಲಿ ಆ ಅಂಕಿಯನ್ನೇ ಬರೆದುಬಿಡುತ್ತದೆ. ಅಲ್ಲಿಂದ ಮುಂದೆ ಮೂಲದ ಗೊಡವೆಯೇ ಇಲ್ಲ. ಖಾತೆಯಿಂದ ಚೀಟಿಗೆ ನಕಲು ಮಾಡಿಕೊಂಡ ಗುಮಾಸ್ತನು, ಖಾತೆ ತಿದ್ದಲ್ಪಟ್ಟ ಮೇಲೂ ಚೀಟಿಯನ್ನೇ ನೋಡಿ ಲೆಕ್ಕ ಹೇಳಿದಂತೆ. ಆ ಹೆಸರನ್ನು ಬಳಸಿದ ಎಲ್ಲ ಕ್ಲಾಸುಗಳನ್ನೂ ಮತ್ತೆ ಕಂಪೈಲ್ ಮಾಡಬೇಕು.

2004ರಲ್ಲಿ ಬಿಡುಗಡೆಯಾದ ಜಾವಾ 5ರೊಡನೆ ಬಂದ ಎನಮ್‌ನಲ್ಲಿ ಪ್ರತಿಯೊಂದು ಸದಸ್ಯವೂ ಅಂಕಿಯಲ್ಲ, ಒಂದು ಆಬ್ಜೆಕ್ಟ್. ‘ಸಿಮೆಂಟ್’ ಎಂಬ ಸದಸ್ಯಕ್ಕೆ ಕನ್‌ಸ್ಟ್ರಕ್ಟರ್ ಮೂಲಕ ದರವನ್ನು ಒದಗಿಸಿ ಮೆಥಡ್ ಮೂಲಕ ಓದಿಸಿದಲ್ಲಿ, ಪ್ರೋಗ್ರಾಂ ನಡೆಯುವ ವೇಳೆಯಲ್ಲೇ ಬೆಲೆ ದೊರೆಯುತ್ತದೆ. ಎನಮ್ ಒಂದನ್ನೇ ಬದಲಿಸಿ ತಂತ್ರಾಂಶವನ್ನು ಮತ್ತೆ ಆರಂಭಿಸಿದರೆ ಸಾಕು.

ಸರಕಿನ ಬಗೆಯನ್ನು ಕೇಳುವ ಮೆಥಡ್‌ಗೆ ಪಾವತಿ ವಿಧಾನದ ಅಂಕಿಯನ್ನು ಕೊಟ್ಟರೆ, ಎರಡೂ ಪೂರ್ಣಾಂಕಗಳಾದ್ದರಿಂದ ಕಂಪೈಲರ್ ಆಕ್ಷೇಪಿಸದು. ಎನಮ್ ಆದರೆ ಅಲ್ಲಿಯೇ ತಡೆಯುತ್ತದೆ.

ಆದರೆ ಎನಮ್ ಬಳಕೆಯಲ್ಲಿಯೂ ಎಚ್ಚರ ಬೇಕು. ಸದಸ್ಯಗಳಿಗೆ ಘೋಷಣೆಯ ಕ್ರಮದಲ್ಲಿ 0, 1, 2 ಎಂಬ ‘ಆರ್ಡಿನಲ್’ ಸಂಖ್ಯೆ ಇರುತ್ತದೆ. ಅದನ್ನೇ ಡೇಟಾಬೇಸಿನಲ್ಲಿ ಉಳಿಸಿದ್ದಲ್ಲಿ ಅಪಾಯ ಹೆಚ್ಚು. ಸಿಮೆಂಟ್, ಕಬ್ಬಿಣ ಎಂಬ ಕ್ರಮದ ಮೊದಲಿಗೆ ಬಣ್ಣವನ್ನು ಸೇರಿಸಿದೊಡನೆ ಹಳೆಯ ಬಿಲ್ಲುಗಳ ಕಬ್ಬಿಣವೆಲ್ಲ ಸಿಮೆಂಟೆಂದು ತೋರುತ್ತದೆ. ಸದಸ್ಯದ ಹೆಸರನ್ನೇ ಉಳಿಸುವುದು ಲೇಸು.

ವಾಸ್ತವವಾಗಿ, ತೆರಿಗೆಯ ದರವನ್ನು ಪ್ರೋಗ್ರಾಂನೊಳಗೆ ಬರೆಯುವುದೇ ತರವಲ್ಲ. 2025ರ ಆಗಸ್ಟ್ ತಿಂಗಳ ಬಿಲ್ಲಿನ ಸರಕು ಆ ಬಳಿಕ ವಾಪಸಾದಾಗ ಹಳೆಯ ದರವೇ ಬೇಕಾಗುತ್ತದೆ. ಆದ್ದರಿಂದ ದರಗಳನ್ನು ಜಾರಿಯ ದಿನಾಂಕದೊಡನೆ ಡೇಟಾಬೇಸಿನಲ್ಲಿರಿಸಿ, ಸರಕಿನ ಬಗೆ, ಪಾವತಿಯ ವಿಧ ಮುಂತಾದವುಗಳಿಗಷ್ಟೇ ಎನಮ್ ಬಳಸುವಂತೆ ತಂತ್ರಾಂಶ ಒದಗಿಸುವವರಿಗೆ ಸೂಚಿಸಬಹುದು.