ಔಷಧಿಗಿಂತ ಮೊದಲು ನೀರು: ಕಾಯಿಲೆ ಬಿದ್ದ ಗೋಲ್ಡ್‌ಫಿಶ್ ಮತ್ತು ಎಂಟನೆಯ ತರಗತಿಯ ಒಂದು ಪಾಠ

ಬೋಧನಾಭ್ಯಾಸದ ಮೂರನೆಯ ವಾರದ ಸೋಮವಾರ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಣೆಗೆಂದು ಹೋಗಿದ್ದೆ. ಎಂಟನೆಯ ತರಗತಿ, ವಿಜ್ಞಾನ, ಘಟಕ ಸೂಕ್ಷ್ಮಜೀವಿಗಳು, ಉಪಘಟಕ ಸಾರಜನಕ ಚಕ್ರ, ಅವಧಿ 40 ನಿಮಿಷ. ಪಾಠ ಯೋಜನೆ ಅಚ್ಚುಕಟ್ಟಾಗಿತ್ತು, ಬಣ್ಣದ ಚಾರ್ಟು ಸಿದ್ಧವಿತ್ತು. ತರಗತಿಯನ್ನು ಗುಡಿಸಿ ಓರಣ ಮಾಡಿದ್ದರು; ಕಿಟಕಿಯ ಪಕ್ಕದ ಮೀನಿನ ತೊಟ್ಟಿಯಂತೂ ಥಳಥಳ ಹೊಳೆಯುತ್ತಿತ್ತು. ಅದರೊಳಗಿನ ಎರಡು ಗೋಲ್ಡ್‌ಫಿಶ್‌ಗಳು ಮಾತ್ರ ಸರಿಯಿರಲಿಲ್ಲ. ಒಂದು ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕೂತಿತ್ತು. ಇನ್ನೊಂದು ನೀರಿನ ಮೇಲ್ಮೈಗೆ ಬಾಯಿ ತಂದು ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿತ್ತು.

ಪೀಠಿಕೆಯ ಪ್ರಶ್ನೆಗಳು ಮುಗಿಯುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಎದ್ದು, “ಮಿಸ್, ಮೀನಿಗೆ ಹುಷಾರಿಲ್ಲ” ಎಂದಳು. ಪ್ರಶಿಕ್ಷಣಾರ್ಥಿ ನನ್ನತ್ತ ನೋಡಿದರು. ಆ ನೋಟ ನಮಗೆಲ್ಲ ಪರಿಚಿತವೇ: ಯೋಜನೆ ಬಿಟ್ಟರೆ ಅಂಕ ಹೋದೀತೇ? ನಾನು ಆಗಲಿ ಎಂಬಂತೆ ತಲೆಯಾಡಿಸಿದೆ. ಅವರು ಚಾರ್ಟನ್ನು ಮೇಜಿನ ಮೇಲಿಟ್ಟು ತೊಟ್ಟಿಯ ಬಳಿ ಹೋದರು. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ತಪ್ಪುಗಳನ್ನೂ ಬರೆಯಿರಿ ಸರ್ ಎಂದವರು ಅವರೇ.

“ಏನಾಗಿರಬಹುದು?” ಎಂದು ಕೇಳಿದರೆ ಉತ್ತರಗಳೆಲ್ಲ ಔಷಧಿಯ ರೂಪದಲ್ಲೇ ಬಂದವು. ಅರಿಶಿನ ಹಾಕೋಣ, ಅಂಗಡಿಯಲ್ಲಿ ಸಿಗುವ ನೀಲಿ ಔಷಧಿ ಹಾಕೋಣ, ಜ್ವರದ ಮಾತ್ರೆ ಕಾಲು ಭಾಗ ಹಾಕೋಣ. ಮಕ್ಕಳನ್ನು ದೂರುವಂತಿಲ್ಲ, ಮೀನು ಸಾಕುವ ದೊಡ್ಡವರೂ ಮಾಡುವುದು ಇದನ್ನೇ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ‘ಕಂಡದ್ದು’, ‘ಅಂದುಕೊಂಡದ್ದು’ ಎಂದು ಎರಡು ಕಲಂ ಎಳೆದರು. ‘ಜ್ವರ’ ಎರಡನೆಯ ಕಲಮಿಗೆ ಹೋಯಿತು. ‘ರೆಕ್ಕೆ ಮುದುಡಿದೆ’, ‘ಮೇಲೆ ಬಂದು ಬಾಯಿ ತೆರೆಯುತ್ತಿದೆ’ ಮೊದಲನೆಯದಕ್ಕೆ ಬಂದವು. ಈ ಒಂದು ಗೆರೆಗೆ ಆ ದಿನ ನಾನು ವೀಕ್ಷಣಾ ಪುಸ್ತಕದಲ್ಲಿ ಅರ್ಧ ಪುಟ ಬರೆದೆ.

ಒಬ್ಬ ಹುಡುಗ ಮೀನಿನ ಕಿವಿರುಮುಚ್ಚಳದ ಮೇಲೆ ಬಿಳಿ ಚುಕ್ಕೆಗಳನ್ನು ಕಂಡು, ಇದು ಬಿಳಿ ಚುಕ್ಕೆ ರೋಗವೇ ಸರಿ ಎಂದು ಹಟ ಹಿಡಿದ. ಆ ರೋಗ ನಿಜವಾಗಿಯೂ ಇದೆ. ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶಜೀವಿ ಚರ್ಮದೊಳಗೆ ಹೊಕ್ಕು, ಮೈಗೆ, ಬಾಲಕ್ಕೆ ಉಪ್ಪಿನ ಹರಳು ಉದುರಿಸಿದಂತೆ ಕಾಣುತ್ತದೆ. ಆದರೆ ಕೈಮಸೂರದಲ್ಲಿ ನೋಡಿದಾಗ ಚುಕ್ಕೆಗಳು ಇದ್ದದ್ದು ಕಿವಿರುಮುಚ್ಚಳ ಮತ್ತು ಮುಂಭಾಗದ ರೆಕ್ಕೆಯ ಅಂಚಿನಲ್ಲಿ ಮಾತ್ರ. ಬಾಲದಲ್ಲಿ ಒಂದೂ ಇಲ್ಲ. ಅದು ರೋಗವಲ್ಲ, ಬೆಳೆದ ಗಂಡು ಗೋಲ್ಡ್‌ಫಿಶ್‌ಗೆ ಸಂತಾನೋತ್ಪತ್ತಿ ಕಾಲದಲ್ಲಿ ಮೂಡುವ ಗುರುತು. ಹುಡುಗನಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಬಳಿಕ ಕಿವಿರುಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ತೆರೆಯುತ್ತದೆಂದು ಎಣಿಸಲು ಎರಡು ಗುಂಪು ಮಾಡಿದರು. ಎರಡರ ಎಣಿಕೆ ಹೊಂದಲೇ ಇಲ್ಲ: ಒಂದು ಗುಂಪು ತೆರೆದದ್ದನ್ನು ಮಾತ್ರ ಎಣಿಸಿತ್ತು, ಇನ್ನೊಂದು ತೆರೆದದ್ದು ಮುಚ್ಚಿದ್ದು ಎರಡನ್ನೂ. ಇದಕ್ಕೆ ಆರು ನಿಮಿಷ ಹೋಯಿತು. ಹೋದರೆ ಹೋಗಲಿ.

ತಿರುವು ಬಂದದ್ದು ಒಂದು ಸಾದಾ ಪ್ರಶ್ನೆಯಿಂದ: “ತೊಟ್ಟಿಯಲ್ಲಿ ಈಚೆಗೆ ಏನು ಬದಲಾಗಿದೆ?” ತರಗತಿ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ, “ಶುಕ್ರವಾರ ತೊಳೆದ್ವಿ ಮಿಸ್. ಸೋಮವಾರ ಕಾಲೇಜಿನ ಸರ್ ಬರ್ತಾರೆ ಅಂತ ನೀವು ಹೇಳಿದ್ರಲ್ಲ.” ನೀರನ್ನೆಲ್ಲ ಚೆಲ್ಲಿದ್ದರು. ಕಲ್ಲುಗಳನ್ನು ಉಜ್ಜಿದ್ದರು. ಗಾಳಿಯಂತ್ರಕ್ಕೆ ಜೋಡಿಸಿದ್ದ ಸ್ಪಂಜಿನ ಕಂದು ಬಣ್ಣ ಹೋಗುವವರೆಗೆ ನಲ್ಲಿಯ ಕೆಳಗೆ ಹಿಂಡಿದ್ದರು. ಹೊಳೆಯುವ ಗಾಜು ನನಗಾಗಿ ಹೊಳೆಯುತ್ತಿತ್ತು.

ಚಾರ್ಟಿನಲ್ಲಿದ್ದ ಪಾಠ ತೊಟ್ಟಿಯಲ್ಲೇ ಇತ್ತು. ಮೀನು ತನ್ನ ದೇಹದ ಸಾರಜನಕದ ತ್ಯಾಜ್ಯವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕವೇ ಹೊರಬಿಡುತ್ತದೆ. ಉಳಿದ ಆಹಾರ, ಮಲ ಕೊಳೆತರೂ ಅಮೋನಿಯಾ. ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟಾಗಿ ಅಲ್ಲ. ಈ ಬ್ಯಾಕ್ಟೀರಿಯಾ ಬೇಗ ಹೆಚ್ಚುವಂಥವಲ್ಲ. ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಮಕ್ಕಳು ‘ಕೊಳೆ’ ಎಂದು ತೊಳೆದದ್ದರಲ್ಲಿ ಇವೂ ಹೋದವು. ನಲ್ಲಿನೀರಿನಲ್ಲಿ ಕ್ಲೋರಿನ್ ಇದ್ದರೆ ಉಳಿದವೂ ಸಾಯುತ್ತವೆ. ಮೀನು ಗಾಳಿಗಾಗಿ ಮೇಲೆ ಬಂದದ್ದು ನೀರಿನಲ್ಲಿ ಗಾಳಿ ಇಲ್ಲವೆಂದೇ ಆಗಬೇಕಿಲ್ಲ. ಅಮೋನಿಯಾ ಕಿವಿರನ್ನು ಸುಟ್ಟಿದ್ದರೂ ಹಾಗೆಯೇ ಮಾಡುತ್ತದೆ.

ಮಂಗಳವಾರ ಅಕ್ವೇರಿಯಂ ಅಂಗಡಿಯಿಂದ ಹನಿ ಹಾಕಿ ನೋಡುವ ಪರೀಕ್ಷಾ ಕಿಟ್ ತಂದರು. ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು. ಇಲ್ಲಿ ಪಿಎಚ್ ಕಾಗದವೂ ಬೇಕು ಎಂಬುದನ್ನು ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಒಟ್ಟು ಅಮೋನಿಯಾ ಅಷ್ಟೇ ಇದ್ದರೂ ಪಿಎಚ್ 7ರಿಂದ 8ಕ್ಕೆ ಏರಿದರೆ ಅದರಲ್ಲಿ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ಬೋರ್‌ವೆಲ್ ನೀರಿನ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಆರೈಕೆ ಎಂದರೆ ಇಷ್ಟೇ. ದಿನವೂ ತೊಟ್ಟಿಯ ಕಾಲು ಭಾಗ ನೀರು ತೆಗೆದು, ಅದೇ ಬಿಸುಪಿನ ಹೊಸ ನೀರು ಹಾಕುವುದು. ಎಲ್ಲ ನೀರನ್ನೂ ಒಮ್ಮೆಲೇ ಬದಲಿಸಿದರೆ ಆ ಏರುಪೇರೇ ಮೀನಿಗೆ ಇನ್ನೊಂದು ಪೆಟ್ಟು. ನಲ್ಲಿನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್ ಹಾಕಿದ ನೀರಾದರೆ ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ನಿವಾರಕವೇ ಬೇಕು. ಗಾಳಿಯಂತ್ರ ಹಗಲಿರುಳು ನಡೆಯಬೇಕು. ಎರಡು ಮೂರು ದಿನ ಆಹಾರ ನಿಲ್ಲಿಸಬೇಕು. ಮಕ್ಕಳಿಗೆ ಕಷ್ಟವಾದದ್ದು ಇದೊಂದೇ. ಕಾಯಿಲೆಯವರಿಗೆ ಗಂಜಿಯಾದರೂ ಕೊಡುತ್ತೇವಲ್ಲ ಎಂದರು. ತಿಂದದ್ದೆಲ್ಲ ಮತ್ತೆ ಅಮೋನಿಯಾ ಎಂದು ಹಲಗೆಯ ಚಿತ್ರ ತೋರಿಸಿದ ಮೇಲೆ ಒಪ್ಪಿದರು. ಶಾಲೆಯ ಗುಮಾಸ್ತರ ಮನೆಯ ಹಳೆಯ ತೊಟ್ಟಿಯಲ್ಲಿ ಮೀನುಗಳು ಆರೋಗ್ಯವಾಗಿದ್ದವು. ಅಲ್ಲಿಂದ ಒಂದು ಕಂದು ಸ್ಪಂಜನ್ನು ಒದ್ದೆಯಾಗಿಯೇ ತಂದು ಇಳಿಬಿಟ್ಟರು. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಎಂದು ಒಬ್ಬಳು ಹೇಳಿದಳು. ನಾನು ಇಪ್ಪತ್ತು ವರ್ಷ ಪಾಠ ಮಾಡಿಯೂ ಆ ಹೋಲಿಕೆ ನನಗೆ ಹೊಳೆದಿರಲಿಲ್ಲ.

ನೀಲಿ ಔಷಧಿ, ಎಂದರೆ ಮೆಥಿಲೀನ್ ಬ್ಲೂ, ಬೇಡವೆಂದದ್ದು ಸರಿಯಾದ ತೀರ್ಮಾನ. ಅದು ಶಿಲೀಂಧ್ರದ ಸೋಂಕಿಗೆ ಬಳಕೆಯಲ್ಲಿದೆ, ಆದರೆ ಮುಖ್ಯ ತೊಟ್ಟಿಗೇ ಸುರಿದರೆ ಈ ಬ್ಯಾಕ್ಟೀರಿಯಾಗಳಿಗೂ ಹಾನಿ.

ಬುಧವಾರ ಬೆಳಿಗ್ಗೆ ತಳದಲ್ಲಿದ್ದ ಮೀನು ಸತ್ತಿತ್ತು. ಮಕ್ಕಳು ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಪ್ರಶಿಕ್ಷಣಾರ್ಥಿ ನನಗೆ ಫೋನ್ ಮಾಡಿ, “ಸರ್, ಅದೇ ಬಣ್ಣದ್ದು ಅಂಗಡಿಯಲ್ಲಿದೆ, ತಂದು ಬಿಟ್ಟುಬಿಡಲೇ?” ಎಂದು ಕೇಳಿದರು. ವಿಷವಿರುವ ನೀರಿಗೆ ಇನ್ನೊಂದು ಜೀವವನ್ನು ಬಿಡುವುದೇ ಎಂದಷ್ಟೇ ಕೇಳಿದೆ. ಉಳಿದದ್ದನ್ನು ಅವರೇ ನಿರ್ಧರಿಸಿದರು. ಸತ್ತ ಮೀನನ್ನು ಬೇಗನೆ ಹೊರತೆಗೆದು, ಮಕ್ಕಳು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ತೊಳೆದದ್ದು ನಾವೇ ಅಲ್ವಾ ಮಿಸ್?” ಎಂದು ಶುಕ್ರವಾರ ಸ್ಪಂಜು ಹಿಂಡಿದ ಹುಡುಗ ಕೇಳಿದ. “ತೊಳೀರಿ ಅಂದದ್ದು ನಾನು. ಸ್ಪಂಜಿನಲ್ಲಿ ಏನಿದೆ ಅಂತ ನನಗೂ ಆಗ ಗೊತ್ತಿರಲಿಲ್ಲ” ಎಂದರು. ಈ ಉತ್ತರ ಯಾವ ಪಾಠ ಯೋಜನೆಯ ಕಲಮಿನಲ್ಲೂ ಬರುವುದಿಲ್ಲ. ವೀಕ್ಷಣೆಗಾಗಿ ತರಗತಿ ಸಿಂಗರಿಸುವ ಪದ್ಧತಿಯನ್ನು ಒಮ್ಮೆಯೂ ಪ್ರಶ್ನಿಸದ ನನ್ನ ಪಾಲೂ ಅದರಲ್ಲಿದೆ.

ಉಳಿದದ್ದನ್ನು ಕೆರೆಗೆ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂದು ಕೆಲವರು ಹೇಳಿದರು. ಗೋಲ್ಡ್‌ಫಿಶ್ ಚೀನಾ ಮೂಲದ ಮೀನು. ನಮ್ಮ ಕೆರೆಗೆ ಅದು ಹೊರಗಿನದು, ಜೊತೆಗೆ ರೋಗವನ್ನೂ ಒಯ್ದೀತು. ಆ ಮಾತು ಅಲ್ಲಿಗೆ ನಿಂತಿತು.

ಎರಡನೆಯ ವಾರ ಅಮೋನಿಯಾ ಇಳಿದು ನೈಟ್ರೈಟ್ ಏರಿತು. ಆಗ ಉಪ್ಪು ಬಳಸಿದರು. ಉಪ್ಪಿನ ಕ್ಲೋರೈಡ್ ಅಯಾನು ಕಿವಿರಿನಲ್ಲಿ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 20 ಲೀಟರಿನ ತೊಟ್ಟಿಗೆ 20 ಗ್ರಾಂ. ಮರುದಿನ 5 ಲೀಟರು ತೆಗೆದು ಹೊಸ ನೀರು ಹಾಕಿದರೆ ಉಪ್ಪು ಎಷ್ಟು ಸೇರಿಸಬೇಕು? ಹೆಚ್ಚಿನವರು 20 ಎಂದರು. ನೀರು ಆವಿಯಾದರೂ ಉಪ್ಪು ಆವಿಯಾಗದು, ತೆಗೆದ ನೀರಿನೊಂದಿಗೆ ಹೋದದ್ದು 5 ಗ್ರಾಂ ಮಾತ್ರ ಎಂಬುದು ಹೊಳೆಯಲು ಎರಡು ಬಕೆಟ್ಟುಗಳ ಪ್ರಾತ್ಯಕ್ಷಿಕೆ ಬೇಕಾಯಿತು. ಆವಿಯಾದಷ್ಟನ್ನೇ ತುಂಬಿದರೆ ಎಷ್ಟು ಉಪ್ಪು ಎಂಬುದನ್ನು ಮನೆಗೆಲಸಕ್ಕೆ ಕೊಟ್ಟರು. ಘಟಕ ಪರೀಕ್ಷೆಗೂ ಇದು ಒಳ್ಳೆಯ ಪ್ರಶ್ನೆ.

ಒಂದು ಮಾತು ಪಕ್ಕಕ್ಕೆ: 20 ಲೀಟರು ಒಂದು ಗೋಲ್ಡ್‌ಫಿಶ್‌ಗೂ ಸಾಲದು. ಅದು ಗೇಣುದ್ದ ಬೆಳೆಯುವ, ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಮೀನು. ತರಗತಿಗೆ ಗೋಲ್ಡ್‌ಫಿಶ್ ತರುವ ಮುನ್ನ, ಬೇಸಿಗೆ ರಜೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಯೋಜನೆಯಲ್ಲಿ ಬರೆಯಿರಿ.

ಕೊನೆಯ ವೀಕ್ಷಣೆಗೆ ಹೋದಾಗ ತೊಟ್ಟಿಯ ಹಿಂಬದಿಯ ಗಾಜು ಹಸಿರುಗಟ್ಟಿತ್ತು. ಮೀನು ರೆಕ್ಕೆ ಬಿಚ್ಚಿ ಈಜುತ್ತಿತ್ತು. ಪಕ್ಕದಲ್ಲಿ ಒಂದು ಮಗ್ಗು, ತೊಟ್ಟಿಯದೇ ನೀರು. ಸ್ಪಂಜನ್ನು ಈಗ ಅದರಲ್ಲೇ ಮೆಲ್ಲಗೆ ಅದ್ದಿ ತೆಗೆಯುತ್ತಾರಂತೆ. ಕಾಲೇಜಿನವರು ಬರುತ್ತಾರೆಂದು ಮುಖ್ಯ ಶಿಕ್ಷಕರು ತೊಟ್ಟಿ ತೊಳೆಸಲು ಹೇಳಿದ್ದರಂತೆ. ಮಕ್ಕಳು ಮುಂದಿನ ಗಾಜನ್ನಷ್ಟೇ ಒರೆಸಿದ್ದರು.